ಕಾಳ್ಗಿಚ್ಚು ಆರಿದ ಮೇಲೆ ಮನೆಗೆ ಮರಳುವವರಿಗೆ: ಇದು ಒಲೆಯ ಬೂದಿ ಅಲ್ಲ

“ಬೆಂಕಿ ಆರಿದೆಯಂತೆ, ನಮ್ಮ ಮನೆ ಉಳಿದಿದೆಯಂತೆ. ಇನ್ನು ಹೋಗಬಹುದು ಅಲ್ವಾ?” ಕ್ಯಾಲಿಫೋರ್ನಿಯಾದ ಕನ್ನಡಿಗರು ಪ್ರತಿ ಬೆಂಕಿಗಾಲದಲ್ಲೂ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೆರಡು ಬರುತ್ತವೆ. “ನೀರು ಕಾಯಿಸಿ ಕುಡಿದರೆ ಆಗುತ್ತಾ?” “ಬೂದಿ ತಾನೆ, ಗುಡಿಸಿ ತೊಳೆದರೆ ಸಾಕಲ್ವಾ?” ಮೂರಕ್ಕೂ ಉತ್ತರ ಒಂದೇ ಕಡೆ ಸಿಗಲಿ ಎಂದು ಇದನ್ನು ಬರೆದಿದ್ದೇನೆ. ಚಿಕ್ಕದಾಗಿ ಹೇಳಿದರೆ: ಸ್ವಲ್ಪ ತಡೆಯಿರಿ, ಇಲ್ಲ, ಖಂಡಿತ ಇಲ್ಲ.

ನಮಗೆ ಬೂದಿ ಎಂದರೆ ಭಯವಿಲ್ಲ. ಅಜ್ಜಿ ಪಾತ್ರೆ ತಿಕ್ಕಿದ್ದು ಬೂದಿಯಲ್ಲೇ. ಬಾಳೆ ಬುಡಕ್ಕೆ ಹಾಕಿದ್ದೂ ಅದೇ. ಊರ ಕಡೆ ಕಾಡಿಗೆ ಬೆಂಕಿ ಬಿದ್ದರೂ, 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಆದ ಹಾಗೆ, ಉರಿಯುವುದು ಮರ, ಹುಲ್ಲು, ಲಂಟಾನ. ಇಲ್ಲಿ ಹಾಗಲ್ಲ, ಇಲ್ಲಿ ಊರೇ ಉರಿಯುತ್ತದೆ. 2025ರ ಜನವರಿ 7ರಂದು ಲಾಸ್ ಏಂಜಲೀಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಬೆಳಿಗ್ಗೆ ಬೆಂಕಿ ಹತ್ತಿತು, ಸಂಜೆ ಆಲ್ಟಡೀನಾ ಮಗ್ಗುಲಿನ ಈಟನ್ ಕಣಿವೆಯಲ್ಲಿ ಹತ್ತಿತು. ಎರಡರಲ್ಲೂ ಸೇರಿ 16,000ಕ್ಕೂ ಹೆಚ್ಚು ಕಟ್ಟಡಗಳು ಹೋದವು. ಅಂದರೆ ಅಷ್ಟು ಮನೆಗಳ ಟಿವಿ, ಸೋಫಾ, ಕಾರು, ಗೋಡೆ ಬಣ್ಣ, ಪ್ಲಾಸ್ಟಿಕ್ ಪೈಪು, ಗ್ಯಾರೇಜಿನಲ್ಲಿದ್ದ ಕೀಟನಾಶಕ, ಎಲ್ಲ ಸುಟ್ಟು ಗಾಳಿಗೆ ಹಾರಿದ ಬೂದಿ ಅದು. ಅದರಲ್ಲಿ ಸೀಸ, ಆರ್ಸೆನಿಕ್, ಆಸ್ಬೆಸ್ಟಾಸ್ ಇರಬಹುದು. ನಿಮ್ಮ ಮನೆಗೆ ಬೆಂಕಿ ತಾಗದೇ ಇರಬಹುದು. ಆದರೆ ಪಕ್ಕದ ಬೀದಿಯ ಮನೆಗಳು ಬೂದಿಯಾಗಿ ನಿಮ್ಮ ಕಿಟಕಿ ಸಂದಿಯಿಂದ ಒಳಗೆ ಬಂದಿರುತ್ತವೆ.

ಮನೆ ನಿಂತಿದೆ ಅನ್ನುವುದು ಒಂದು ಮಾತು, ವಾಸಕ್ಕೆ ಸರಿಯಾಗಿದೆ ಅನ್ನುವುದು ಇನ್ನೊಂದು. ಈಗ ಒಂದೊಂದೇ ಹಂತ ನೋಡೋಣ.

1. ಹೋಗಲು ಬಿಟ್ಟಿದ್ದಾರಾ, ಮೊದಲು ಅದು

ಎರಡು ಪದ ಗೊತ್ತಿರಲಿ. “ಎವ್ಯಾಕ್ಯುಯೇಷನ್ ಆರ್ಡರ್” ಎಂದರೆ ಆ ಪ್ರದೇಶ ಮುಚ್ಚಿದೆ, ಒಳಗೆ ಹೋಗುವುದು ಕಾನೂನಿಗೆ ವಿರುದ್ಧ. “ಎವ್ಯಾಕ್ಯುಯೇಷನ್ ವಾರ್ನಿಂಗ್” ಎಂದರೆ ಅಪಾಯ ಹತ್ತಿರ ಇದೆ, ಯಾವಾಗ ಬೇಕಾದರೂ ಹೊರಡಲು ತಯಾರಿರಿ ಎಂದು. ಆರ್ಡರ್ ಇಳಿದು ವಾರ್ನಿಂಗ್ ಆಗಿದ್ದರೆ ಬೆಂಕಿ ಪೂರ್ತಿ ಮುಗಿಯಿತು ಎಂದುಕೊಳ್ಳಬೇಡಿ.

ನಿಮ್ಮ ಮನೆ ಯಾವ ವಲಯದಲ್ಲಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದ ಬಹಳಷ್ಟು ಕೌಂಟಿಗಳಲ್ಲಿ ಪ್ರತಿ ವಲಯಕ್ಕೂ ಒಂದು ಸಂಕೇತ ಇರುತ್ತದೆ, ಜೆನಾಸಿಸ್ ಪ್ರೊಟೆಕ್ಟ್ ಆ್ಯಪ್‌ನಲ್ಲಿ ನೋಡಬಹುದು. ಕ್ಯಾಲ್ ಫೈರ್, ಅಂದರೆ ರಾಜ್ಯದ ಅರಣ್ಯ ಮತ್ತು ಅಗ್ನಿಶಾಮಕ ಇಲಾಖೆ, ದೊಡ್ಡ ಬೆಂಕಿಯಾದಾಗ ಮನೆ ಮನೆ ನೋಡಿ ಹಾನಿಯ ನಕ್ಷೆ ಹಾಕುತ್ತದೆ. ಅದರಲ್ಲಿ ನಿಮ್ಮ ಮನೆಗೆ “ಹಾನಿ ಇಲ್ಲ” ಎಂದಿದ್ದರೆ ಸಂತೋಷಪಡಿ, ಆದರೆ ಅದು ಹೊರಗಿನಿಂದ ನೋಡಿ ಹೇಳಿದ್ದು. ಒಳಗಿನ ಹೊಗೆ, ಮಸಿ ಅವರ ಲೆಕ್ಕಕ್ಕೆ ಬರುವುದಿಲ್ಲ.

ಮೊದಮೊದಲು ಅಲ್ಲಿ ವಾಸ ಇರುವವರನ್ನು ಮಾತ್ರ ಒಳಗೆ ಬಿಡುತ್ತಾರೆ. ವಿಳಾಸ ಇರುವ ಡ್ರೈವಿಂಗ್ ಲೈಸೆನ್ಸ್, ಇಲ್ಲವಾದರೆ ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್ ಜೊತೆಯಲ್ಲಿರಲಿ. ಹೊಸದಾಗಿ ಮನೆ ಬದಲಿಸಿ ಲೈಸೆನ್ಸಿನಲ್ಲಿ ಹಳೇ ವಿಳಾಸ ಉಳಿಸಿಕೊಂಡವರು ನಮ್ಮಲ್ಲಿ ಜಾಸ್ತಿ. ಅವರೇ ಪೊಲೀಸ್ ಅಡ್ಡಗಟ್ಟೆಯಿಂದ ವಾಪಸ್ ಬರುವುದು.

2. ಯಾರು ಹೋಗಬೇಕು, ಏನು ತೊಡಬೇಕು

ಮೊದಲ ದಿನ ಮನೆಮಂದಿಯೆಲ್ಲ ಹೊರಡಬೇಡಿ. ದೊಡ್ಡವರು ಇಬ್ಬರು ಸಾಕು. ಮಕ್ಕಳು, ಗರ್ಭಿಣಿಯರು, ಆಸ್ತಮಾ ಅಥವಾ ಹೃದಯದ ತೊಂದರೆ ಇರುವವರು, ಸಾಕುಪ್ರಾಣಿಗಳು ಬೇಡವೇ ಬೇಡ. ಊರಿಂದ ಬಂದಿರುವ ಅಪ್ಪ ಅಮ್ಮನೂ ಬೇಡ. “ನಾನು ಬಂದು ಒಂದು ಕೈ ಹಾಕ್ತೀನಿ” ಎಂದು ಅಮ್ಮ ಹೊರಟೇ ಬಿಡುತ್ತಾರೆ, ಗೊತ್ತಿದೆ. ಬಿಡಬೇಡಿ.

ಹಾಕಿಕೊಳ್ಳಬೇಕಾದ್ದು: ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟು, ದಪ್ಪ ಅಟ್ಟೆಯ ಮುಚ್ಚಿದ ಶೂ, ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಗಾಗಲ್ಸ್, ಮಾಸ್ಕ್. ಚಪ್ಪಲಿಯಲ್ಲಿ ಹೋಗಬೇಡಿ. ಬೂದಿಯಡಿ ಮೊಳೆ, ಗಾಜು ಇರುತ್ತವೆ, ಒಮ್ಮೊಮ್ಮೆ ಕೆಂಡವೂ ಇರುತ್ತದೆ.

ಮಾಸ್ಕ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬಟ್ಟೆ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್, ಮೂಗಿಗೆ ಕಟ್ಟಿದ ಒದ್ದೆ ಕರ್ಚೀಫು, ಮೂರೂ ಪ್ರಯೋಜನವಿಲ್ಲ. ಎನ್‌95 ಅಥವಾ ಪಿ100 ಬೇಕು. ಇವು ಸಣ್ಣ ಕಣಗಳನ್ನು ತಡೆಯುತ್ತವೆ. ಮುಖಕ್ಕೆ ಗಟ್ಟಿಯಾಗಿ ಕೂತರೆ ಮಾತ್ರ. ಗಡ್ಡ ಇದ್ದರೆ ಅಂಚಿನಿಂದ ಗಾಳಿ ಸೋರುತ್ತದೆ, ಆದ್ದರಿಂದ ಆ ದಿನದ ಮಟ್ಟಿಗಾದರೂ ಗಡ್ಡ ತೆಗೆಯುವುದು ಒಳ್ಳೆಯದು. ಇನ್ನೊಂದು ವಿಷಯ. ಎನ್‌95 ಬೂದಿಯನ್ನು ತಡೆಯುತ್ತದೆ, ಸುಟ್ಟ ವಾಸನೆಯನ್ನು ತಡೆಯುವುದಿಲ್ಲ. ವಾಸನೆ ಬರುತ್ತಿದೆ ಎಂದರೆ ರಾಸಾಯನಿಕ ಆವಿ ಒಳಗೆ ಹೋಗುತ್ತಿದೆ ಎಂದರ್ಥ. ಅದಕ್ಕೆ ಬೇರೆ ಡಬ್ಬಿ, ಅಂದರೆ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್, ಇರುವ ಮಾಸ್ಕ್ ಬೇಕಾಗುತ್ತದೆ. ತಲೆನೋವು, ಗಂಟಲು ಕೆರೆತ ಶುರುವಾದರೆ ತಡೆದುಕೊಂಡು ಕೆಲಸ ಮುಗಿಸುವ ಹಟ ಬೇಡ, ಹೊರಗೆ ಬನ್ನಿ.

ಫೋನಿನಲ್ಲಿ ಗಾಳಿಯ ಸೂಚ್ಯಂಕ ಹಸಿರು ತೋರಿಸುತ್ತಿದೆ ಎಂದು ಮಾಸ್ಕ್ ತೆಗೆಯಬೇಡಿ. ಆ ಸೂಚ್ಯಂಕ ಅತಿ ಸಣ್ಣ ಹೊಗೆಕಣಗಳ ಲೆಕ್ಕ ಇಡುತ್ತದೆ. ನೆಲದಿಂದ ಏಳುವ ಬೂದಿ ಅದರ ಕಣ್ಣಿಗೆ ಬೀಳುವುದಿಲ್ಲ.

ಕಾರಿನಲ್ಲಿ ಇನ್ನೊಂದು ಜೊತೆ ಬಟ್ಟೆ, ಶೂ, ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಿ. ವಾಪಸ್ ಬರುವಾಗ ಬೂದಿಯಾದದ್ದನ್ನು ಅಲ್ಲೇ ಬಿಚ್ಚಿ ಚೀಲಕ್ಕೆ ಹಾಕಿ. ಕುಡಿಯುವ ನೀರು, ಟಾರ್ಚ್, ತುಂಬಿದ ಫೋನ್ ಬ್ಯಾಟರಿ ಹೇಗೂ ಬೇಕು.

3. ಒಳಗೆ ಹೋಗುವ ಮೊದಲು ಹೊರಗೆ ಒಂದು ಸುತ್ತು

ಹಗಲಲ್ಲೇ ಹೋಗಿ. ಬಾಗಿಲಲ್ಲಿ ಬಣ್ಣದ ಚೀಟಿ ಅಂಟಿಸಿದ್ದಾರಾ ನೋಡಿ. ಕೆಂಪು ಎಂದರೆ ಒಳಗೆ ಕಾಲಿಡುವಂತಿಲ್ಲ. ಹಳದಿ ಎಂದರೆ ಕೆಲವು ಭಾಗಕ್ಕೆ ಮಾತ್ರ ಅಥವಾ ಸ್ವಲ್ಪ ಹೊತ್ತು ಮಾತ್ರ. ಹಸಿರಾದರೆ ಕಟ್ಟಡ ನಿಲ್ಲುವ ಸ್ಥಿತಿಯಲ್ಲಿದೆ ಎಂದಷ್ಟೇ, ಗಾಳಿ ನೀರು ಚೆನ್ನಾಗಿದೆ ಎಂದಲ್ಲ.

ಆಮೇಲೆ ನಿಧಾನವಾಗಿ ಸುತ್ತಿ. ಮೊದಲು ತಲೆ ಎತ್ತಿ ನೋಡಿ: ಅರ್ಧ ಸುಟ್ಟ ಮರ, ಜೋತುಬಿದ್ದ ತಂತಿ, ಒಂಟಿಯಾಗಿ ನಿಂತ ಇಟ್ಟಿಗೆಯ ಚಿಮಣಿ. ಬುಡ ಸುಟ್ಟ ಮರ ಗಾಳಿ ಇಲ್ಲದೆಯೂ ಬೀಳುತ್ತದೆ. ತಂತಿ ನೆಲದಲ್ಲಿದ್ದರೆ ಅದರಲ್ಲಿ ಕರೆಂಟ್ ಇದೆ ಎಂದೇ ತಿಳಿದು ದೂರ ಇರಿ.

ಈಗ ನೆಲ ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಮರ ಸುಟ್ಟಾಗ ಬೇರಿನೊಳಗೂ ಬೆಂಕಿ ಇಳಿಯುತ್ತದೆ. ಮೇಲೆ ಬರೀ ಬೂದಿ ಕಾಣುತ್ತದೆ, ಕೆಳಗೆ ಟೊಳ್ಳಾದ ಗುಂಡಿ, ಅದರೊಳಗೆ ನಿಗಿನಿಗಿ ಕೆಂಡ. ಕಾಲಿಟ್ಟರೆ ಮೊಣಕಾಲವರೆಗೂ ಹೋಗಬಹುದು. ಬಿಳಿ ಬೂದಿಯ ದುಂಡು ಗುರುತು, ಸಣ್ಣಗೆ ಏಳುವ ಹೊಗೆ ಕಂಡರೆ ಹತ್ತಿರ ಹೋಗಬೇಡಿ. ಗುಡ್ಡದ ಮೇಲಿನ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದರ ಪ್ಲಾಸ್ಟಿಕ್ ಮುಚ್ಚಳ ಕರಗಿರಬಹುದು, ಆ ಜಾಗ ನೆನಪಿರಲಿ. ಮರದ ಡೆಕ್ ಮೇಲೆ ಹತ್ತುವ ಮೊದಲು ಬಗ್ಗಿ ಅದರ ಕೆಳಗಿನ ಕಾಲು ಸುಟ್ಟಿದೆಯಾ ನೋಡಿ.

ಮಾಡಿನ ಗಟರ್‌ನಲ್ಲಿ, ಅಟ್ಟದಲ್ಲಿ, ಸೌದೆ ರಾಶಿಯಲ್ಲಿ ಕಿಡಿ ಉಳಿದಿರಬಹುದು. ಎಲ್ಲಾದರೂ ಹೊಗೆ ಕಂಡರೆ ತುರ್ತು ನಂಬರ್ 911ಕ್ಕೆ ಕರೆ ಮಾಡಿ. ಮೊದಲ ಎರಡು ಮೂರು ದಿನ ಆಗಾಗ ನೋಡುತ್ತಿರಿ.

4. ಗ್ಯಾಸ್, ಕರೆಂಟ್ ಮತ್ತು ದೇವರ ದೀಪ

ಬಾಗಿಲು ತೆರೆದು ಅಲ್ಲೇ ನಿಂತು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂತಾ? ಅಥವಾ ಬುಸ್ಸೆನ್ನುವ ಸದ್ದು? ಗ್ಯಾಸ್ ಸೋರುತ್ತಿದೆ. ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಅಲ್ಲೇ ನಿಂತು ಫೋನ್ ಕೂಡ ಮಾಡಬೇಡಿ. ಬಾಗಿಲು ಹಾಗೇ ಬಿಟ್ಟು ದೂರ ಹೋಗಿ, ಆಮೇಲೆ ಕರೆ ಮಾಡಿ. ಲಾಸ್ ಏಂಜಲೀಸ್ ಕಡೆ ಸೋಕ್ಯಾಲ್ ಗ್ಯಾಸ್‌ನ ನಂಬರ್ 800-427-2200, ಬೇ ಏರಿಯಾ ಕಡೆ ಪಿಜಿ ಆ್ಯಂಡ್ ಇ ನಂಬರ್ 800-743-5000.

ಮೀಟರ್ ಹತ್ತಿರ ಗ್ಯಾಸ್ ನಿಲ್ಲಿಸಿದ್ದರೆ ನೀವೇ ತಿರುಗಿಸಿ ತೆರೆಯಬೇಡಿ. ಕಂಪನಿಯವರು ಬಂದು ಪರೀಕ್ಷಿಸಿಯೇ ಬಿಡಬೇಕು. ಕಾಯಬೇಕಾಗುತ್ತದೆ, ಬೇರೆ ದಾರಿ ಇಲ್ಲ.

ಮನೆಗೆ ಮರಳಿದ ತಕ್ಷಣ ದೇವರಿಗೆ ದೀಪ ಹಚ್ಚಬೇಕೆಂದು ಮನಸ್ಸಾಗುತ್ತದೆ. ಗ್ಯಾಸ್ ಸೋರಿಲ್ಲ ಎಂದು ಖಚಿತವಾಗುವವರೆಗೆ ಕಡ್ಡಿ ಗೀರಬೇಡಿ. ಊದುಬತ್ತಿ, ಕರ್ಪೂರ, ಹೋಮ ಇವನ್ನು ಇನ್ನೂ ಸ್ವಲ್ಪ ದಿನ ಮುಂದೆ ಹಾಕಿ. ಹೊಗೆ ಕುಡಿದ ಮನೆಗೆ ಮತ್ತೆ ಹೊಗೆ ಯಾಕೆ? ಸದ್ಯಕ್ಕೆ ಕೈ ಮುಗಿದರೆ ಸಾಕು.

ಕರೆಂಟ್ ವಿಷಯಕ್ಕೆ ಬಂದರೆ, ಪ್ಯಾನೆಲ್ ಅಥವಾ ತಂತಿ ಸುಟ್ಟಿದ್ದರೆ, ನೆಲ ಒದ್ದೆ ಇದ್ದರೆ ಬ್ರೇಕರ್ ಮುಟ್ಟದೆ ಎಲೆಕ್ಟ್ರಿಷಿಯನ್ ಕರೆಯಿರಿ. ಸೋಲಾರ್ ಇದ್ದವರು ಇನ್ನೊಂದು ನೆನಪಿಡಬೇಕು: ಬೀದಿಯಲ್ಲಿ ಕರೆಂಟ್ ಹೋಗಿದ್ದರೂ ಬಿಸಿಲು ಬಿದ್ದರೆ ಹಲಗೆಗಳಲ್ಲಿ ವಿದ್ಯುತ್ ಇರುತ್ತದೆ. ಜನರೇಟರ್ ಹಾಕಿದರೆ ಮನೆಯಿಂದ ಕನಿಷ್ಠ 20 ಅಡಿ ದೂರ, ಬಯಲಲ್ಲಿ. ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟು ಓಡಿಸಿದರೂ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ.

5. ಏನನ್ನೂ ಮುಟ್ಟುವ ಮೊದಲು ಫೋಟೋ

ಮೊದಲ ದಿನದ ನಿಜವಾದ ಕೆಲಸ ಇದು. ಸ್ವಚ್ಛ ಮಾಡುವುದು ನಾಳೆಗಿರಲಿ.

ಪ್ರತಿ ಕೋಣೆಯ ವೀಡಿಯೊ ತೆಗೆಯಿರಿ. ಕಿಟಕಿ ಸಂದಿಯ ಬೂದಿ, ಎಸಿ ದ್ವಾರದ ಮಸಿ, ಹಾಸಿಗೆ, ಅಟ್ಟ, ಬಟ್ಟೆ ಬೀರು, ಎಲ್ಲ. ಬಿಳಿ ಬಟ್ಟೆಯಲ್ಲಿ ಮೇಜು ಒರೆಸಿ ಆ ಬಟ್ಟೆಯ ಫೋಟೋ ಕೂಡ ತೆಗೆಯಿರಿ. ಚೆನ್ನಾಗಿ ಒರೆಸಿ ಫಳಫಳ ಮಾಡಿಟ್ಟ ಮನೆಗೆ ಇನ್ಶೂರೆನ್ಸ್‌ನವರು ಬಂದು “ಏನೂ ಆಗಿಲ್ಲವಲ್ಲ” ಎಂದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ.

ಕ್ಲೇಮ್ ಬೇಗ ಹಾಕಿ. ಪಾಲಿಸಿಯಲ್ಲಿ “ಎಎಲ್‌ಇ” ಎಂಬ ಪದ ಹುಡುಕಿ. ಮನೆಯಲ್ಲಿ ಇರಲಾಗದ ಕಾಲದಲ್ಲಿ ಆಗುವ ಹೋಟೆಲ್, ಬಾಡಿಗೆ, ಹೆಚ್ಚಿನ ಊಟದ ಖರ್ಚು ಇದರಲ್ಲಿ ಬರುತ್ತದೆ. ಮನೆ ಸುಡದೆ ಬರೀ ಹೊಗೆಯಿಂದ ವಾಸಕ್ಕೆ ಆಗದಂತಿದ್ದರೂ ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದ ವಿಕೋಪದಲ್ಲಿ ಮನೆ ಕಳೆದುಕೊಂಡವರಿಗೆ ಈ ಸೌಲಭ್ಯ ಕನಿಷ್ಠ 24 ತಿಂಗಳು ಇರಬೇಕೆಂದು ಕಾನೂನಿದೆ, ಪಾಲಿಸಿಯ ಮೊತ್ತದ ಮಿತಿಯೊಳಗೆ. ಬಾಡಿಗೆಮನೆಯವರಿಗೆ ರೆಂಟರ್ಸ್ ಪಾಲಿಸಿಯಲ್ಲೂ ಸಾಮಾನ್ಯವಾಗಿ ಇದು ಇರುತ್ತದೆ. ತಿಂಗಳಿಗೆ ಇಪ್ಪತ್ತು ಡಾಲರ್ ಯಾಕೆ ದಂಡ ಎಂದು ಅದನ್ನು ಮಾಡಿಸದೇ ಬಿಟ್ಟವರು ಬಹಳ ಮಂದಿ.

ಎಲ್ಲ ಮಾತೂ ಇಮೇಲಿನಲ್ಲಿ ಇರಲಿ. ಫೋನಿನಲ್ಲಿ ಮಾತಾಡಿದರೆ ಆಮೇಲೆ “ನೀವು ಹೀಗೆ ಹೇಳಿದಿರಿ” ಎಂದು ನೀವೇ ಒಂದು ಇಮೇಲ್ ಕಳಿಸಿ. ಮಾಸ್ಕ್, ಫಿಲ್ಟರ್, ಹೋಟೆಲ್, ಎಲ್ಲದರ ರಸೀದಿ ಇಡಿ.

ಬಾಗಿಲಿಗೇ ಬಂದು “ಇವತ್ತೇ ಸಹಿ ಹಾಕಿದರೆ ಕಡಿಮೆ ದರ” ಎನ್ನುವ ಗುತ್ತಿಗೆದಾರರನ್ನು ಹಾಗೇ ಕಳಿಸಿ. ಕ್ಯಾಲಿಫೋರ್ನಿಯಾದಲ್ಲಿ ಮನೆ ದುರಸ್ತಿಗೆ ಮುಂಗಡವಾಗಿ ಒಟ್ಟು ಮೊತ್ತದ 10 ಶೇಕಡ ಅಥವಾ 1,000 ಡಾಲರ್, ಇದರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಹೆಚ್ಚು ಕೇಳಿದರೆ ಅಲ್ಲೇ ಅನುಮಾನ ಪಡಿ.

6. ನೀರು: ಕಾಯಿಸಿದರೆ ಇನ್ನೂ ಕೆಟ್ಟದ್ದು

ಈ ಹಂತವನ್ನು ಎರಡು ಸಲ ಓದಿ. ನಾವು ಹುಟ್ಟಿದಾಗಿನಿಂದ ಕಲಿತದ್ದು ಒಂದೇ: ನೀರಿನ ಬಗ್ಗೆ ಅನುಮಾನ ಬಂದರೆ ಕುದಿಸು, ಆರಿಸು, ಕುಡಿ. ಕ್ರಿಮಿಗೆ ಅದು ಸರಿ. ಇಲ್ಲಿ ಇರಬಹುದಾದದ್ದು ಕ್ರಿಮಿ ಮಾತ್ರವಲ್ಲ, ಬೆಂಜೀನ್. ಪೆಟ್ರೋಲಿನಲ್ಲೂ ಇರುವ, ಕ್ಯಾನ್ಸರ್ ತರುವ ರಾಸಾಯನಿಕ ಅದು. ಕುದಿಸಿದರೆ ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರುತ್ತದೆ, ನೀವು ಅದನ್ನೇ ಉಸಿರಾಡುತ್ತೀರಿ.

ಅದು ನೀರಿಗೆ ಬರುವುದು ಹೇಗೆ? ಬೆಂಕಿಯಲ್ಲಿ ನೂರಾರು ಮನೆಗಳ ಪೈಪು ಒಡೆದು, ಆರಿಸುವವರು ನೀರು ಎಳೆದು, ಕೊಳವೆಗಳಲ್ಲಿ ಒತ್ತಡ ಬಿದ್ದುಹೋಗುತ್ತದೆ. ಆಗ ಹೊಗೆ, ಕರಗಿದ ಪ್ಲಾಸ್ಟಿಕ್ಕಿನ ಆವಿ ಕೊಳವೆಯೊಳಕ್ಕೆ ನುಗ್ಗುತ್ತದೆ. ಸುಟ್ಟ ಪ್ಲಾಸ್ಟಿಕ್ ಪೈಪು, ಮೀಟರುಗಳಿಂದಲೂ ಸೇರುತ್ತದೆ. 2017ರ ಟಬ್ಸ್ ಬೆಂಕಿಯ ನಂತರ ಸ್ಯಾಂಟಾ ರೋಸಾದಲ್ಲಿ ಇದು ಮೊದಲು ಗಮನಕ್ಕೆ ಬಂತು. ಮಾರನೇ ವರ್ಷ ಕ್ಯಾಂಪ್ ಬೆಂಕಿಯಲ್ಲಿ 85 ಜನ ಸತ್ತ ಪ್ಯಾರಡೈಸ್ ಊರಿನಲ್ಲೂ ಸಿಕ್ಕಿತು. ಅಲ್ಲಿ ಕೆಲವು ಭಾಗದ ನೀರು ಸರಿಯಾಗಲು ವರ್ಷಕ್ಕೂ ಹೆಚ್ಚು ಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಕುಡಿಯುವ ನೀರಿನಲ್ಲಿ ಬೆಂಜೀನ್ ನೂರು ಕೋಟಿ ಭಾಗಕ್ಕೆ 1 ಭಾಗ ಮೀರುವಂತಿಲ್ಲ. ಅಷ್ಟನ್ನು ಮೂಗು ನಾಲಿಗೆ ಹಿಡಿಯಲಾರವು. “ರುಚಿ ಚೆನ್ನಾಗೇ ಇದೆ” ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ನೀರಿನ ಕಂಪನಿ ಯಾವ ಸೂಚನೆ ಹೊರಡಿಸಿದೆ ಎಂದು ನೋಡಿ. ಎರಡು ಬಗೆ ಇರುತ್ತವೆ, ಗೊಂದಲ ಮಾಡಿಕೊಳ್ಳಬೇಡಿ. “ಬಾಯಿಲ್ ವಾಟರ್” ಎಂದಿದ್ದರೆ ಕುದಿಸಿ ಕುಡಿಯಬಹುದು. “ಡು ನಾಟ್ ಡ್ರಿಂಕ್, ಡು ನಾಟ್ ಬಾಯಿಲ್” ಎಂದಿದ್ದರೆ ಎರಡೂ ಬೇಡ. ಕುಡಿಯಲು, ಅಡುಗೆಗೆ, ಹಲ್ಲುಜ್ಜಲು, ಮಗುವಿನ ಹಾಲಿಗೆ, ಐಸಿಗೆ, ಸಾಕುಪ್ರಾಣಿಗೆ ಬಾಟಲಿ ನೀರೇ. ಅಕ್ಕಿ ತೊಳೆಯಲೂ ಅದೇ. ಸ್ನಾನ ಮಾಡಬಹುದು ಎಂದು ಸೂಚನೆಯಲ್ಲಿದ್ದರೆ ಉಗುರು ಬೆಚ್ಚಗಿನ ನೀರಲ್ಲಿ ಬೇಗ ಮುಗಿಸಿ, ಕಿಟಕಿ ತೆರೆದು. ಹಬೆ ಏಳುವ ಹಂಡೆ ಸ್ನಾನದ ಆಸೆ ಈಗ ಬೇಡ. ಬಟ್ಟೆ ತಣ್ಣೀರಲ್ಲಿ ಒಗೆಯಿರಿ.

ಮನೆಯ ಫಿಲ್ಟರ್, ಆರ್‌ಓ ಯಂತ್ರ ಇದೆಯಲ್ಲ ಎನ್ನುವವರಿಗೆ: ಇಂಥ ಮಟ್ಟದ ರಾಸಾಯನಿಕ ತೆಗೆಯಲು ಅವನ್ನು ನಂಬಬೇಡಿ. ಸೂಚನೆ ಹಿಂತೆಗೆದ ಮೇಲೂ ಕಂಪನಿ ಹೇಳಿದಷ್ಟು ಹೊತ್ತು ಎಲ್ಲ ನಲ್ಲಿ ಬಿಟ್ಟು, ಗೀಸರ್ ಖಾಲಿ ಮಾಡಿ, ಫ್ರಿಡ್ಜಿನದೂ ಸೇರಿ ಎಲ್ಲ ಫಿಲ್ಟರ್ ಬದಲಿಸಿ.

7. ಅಡುಗೆಮನೆ

ಕರೆಂಟ್ ಹೋದ ಮೇಲೆ ಮುಚ್ಚಿದ ಫ್ರಿಡ್ಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಣ್ಣಗಿರುತ್ತದೆ. ನೀವು ವಾರ ಬಿಟ್ಟು ಬಂದಿದ್ದರೆ ಫ್ರಿಡ್ಜ್ ತೆರೆಯುವ ಸಾಹಸವೇ ಬೇಡ. ಬಾಗಿಲಿಗೆ ಟೇಪ್ ಸುತ್ತಿ ಹಾಗೇ ಹೊರಗೆ ಸಾಗಿಸುವುದು ಎಷ್ಟೋ ವಾಸಿ. ಫ್ರಿಡ್ಜ್ ಬೆಲೆಯೂ ಕ್ಲೇಮಿಗೆ ಸೇರಿಸಿ, ಮೊದಲು ಫೋಟೋ.

ಗೋಣಿ ಅಥವಾ ಕಾಗದದ ಚೀಲದ ಅಕ್ಕಿ, ಗೋಧಿ ಹಿಟ್ಟು, ತೆರೆದ ಡಬ್ಬಿಯ ಬೇಳೆ, ಮೇಜಿನ ಮೇಲಿದ್ದ ಹಣ್ಣು ಹೋಯಿತು ಎಂದುಕೊಳ್ಳಿ. ತಿರುಪು ಮುಚ್ಚಳದ ಗಾಜಿನ ಬಾಟಲಿಯ ಉಪ್ಪಿನಕಾಯಿ ಬೆಂಕಿಯ ಕಾವಿಗೆ ಸಿಕ್ಕಿದ್ದರೆ ಅದೂ ಬೇಡ. ಅಮ್ಮ ಕಳಿಸಿದ ಮಾವಿನ ಮಿಡಿ ಎಂದು ಮನಸ್ಸು ಬಾರದೇ ಇರಬಹುದು, ಆದರೂ. ಕಾವು ತಾಗದ, ಉಬ್ಬದ, ಸೀಲ್ ಒಡೆಯದ ತಗಡಿನ ಡಬ್ಬಿಗಳನ್ನು ತೊಳೆದು ಇಟ್ಟುಕೊಳ್ಳಬಹುದು. ಸ್ಟೀಲ್, ಗಾಜು, ಪಿಂಗಾಣಿ ಪಾತ್ರೆ ಸೋಪಿನಲ್ಲಿ ತೊಳೆದರೆ ಸರಿ. ಮರದ ಮಣೆ, ಪ್ಲಾಸ್ಟಿಕ್ ಡಬ್ಬಿ ಹೊಗೆ ಕುಡಿದಿದ್ದರೆ ಬಿಸಾಡಿ.

ಔಷಧವೂ ಹಾಗೇ. ಇನ್ಸುಲಿನ್ ಬಿಸಿಗೆ ಕೆಡುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ. ಹೊಸದು ತರಿಸಿ. ಹಿತ್ತಲ ಕರಿಬೇವು, ಮೆಂತ್ಯ, ಟೊಮೇಟೊ ಮೇಲೆ ಬೂದಿ ಬಿದ್ದಿದ್ದರೆ ಮಣ್ಣಿನ ಪರೀಕ್ಷೆ ಆಗುವವರೆಗೆ ಒಗ್ಗರಣೆಗೆ ಬೇಡ.

8. ಸ್ವಚ್ಛ ಮಾಡುವುದು: ಪೊರಕೆ ಮುಟ್ಟಬೇಡಿ

ಗುಡಿಸಿದರೆ ಬೂದಿ ಎದ್ದು ಮೂಗಿಗೆ, ಮತ್ತೆ ಮೇಜಿಗೆ, ಮತ್ತೆ ನೆಲಕ್ಕೆ. ಸಾಮಾನ್ಯ ವ್ಯಾಕ್ಯೂಮ್ ಇನ್ನೂ ಕೆಟ್ಟದ್ದು. ಮುಂದೆ ಎಳೆದ ಸಣ್ಣ ಕಣಗಳನ್ನು ಹಿಂದಿನಿಂದ ಊದುತ್ತದೆ. ಎಲೆ ಊದುವ ಯಂತ್ರವನ್ನಂತೂ 2025ರ ಬೆಂಕಿಯ ನಂತರ ಲಾಸ್ ಏಂಜಲೀಸ್ ಕೌಂಟಿಯ ಆರೋಗ್ಯ ಅಧಿಕಾರಿಗಳು ನಿಷೇಧಿಸಿಯೇ ಬಿಟ್ಟಿದ್ದರು.

ಮನೆಯೊಳಗೆ ಬೂದಿ ಕಣ್ಣಿಗೆ ಕಾಣುವಷ್ಟು ಇದ್ದರೆ, ಸುತ್ತ ಮನೆಗಳು ಸುಟ್ಟಿದ್ದರೆ, ನನ್ನ ಮಾತು ಕೇಳಿ, ನೀವೇ ಕೈ ಹಾಕಬೇಡಿ. ಮೊದಲು ಪರೀಕ್ಷೆ ಮಾಡಿಸಿ. ಇದನ್ನು ಮಾಡುವವರಿಗೆ “ಇಂಡಸ್ಟ್ರಿಯಲ್ ಹೈಜೀನಿಸ್ಟ್” ಎನ್ನುತ್ತಾರೆ, ಅಂದರೆ ಕಟ್ಟಡದೊಳಗಿನ ವಿಷವಸ್ತುಗಳನ್ನು ಅಳೆಯುವ ತಜ್ಞರು. ಬರೀ ಮಸಿ ಅಲ್ಲ, ಸೀಸ ಮತ್ತು ಆಸ್ಬೆಸ್ಟಾಸ್ ಕೂಡ ನೋಡಬೇಕು ಎಂದು ಇನ್ಶೂರೆನ್ಸ್ ಕಂಪನಿಗೆ ಬರೆದು ಕೇಳಿ. ಅಮೆರಿಕದಲ್ಲಿ ಮನೆಗೆ ಬಳಿಯುವ ಸೀಸದ ಬಣ್ಣ ನಿಷೇಧವಾದದ್ದು 1978ರಲ್ಲಿ. ಆಲ್ಟಡೀನಾದ ಹೆಚ್ಚಿನ ಮನೆಗಳು ಅದಕ್ಕಿಂತ ಹಳೆಯವು. ಅಲ್ಲಿ ಬೆಂಕಿ ತಾಗದೆ ನಿಂತ ಮನೆಗಳೊಳಗೂ ಪರೀಕ್ಷೆಯಲ್ಲಿ ಸೀಸ ಸಿಕ್ಕಿದೆ. ನಿಮ್ಮ ಮನೆ ಹೊಸದಾದರೇನು, ಹಾರಿಬಂದ ಬೂದಿ ಯಾರ ಮನೆಯದೋ.

ಬೂದಿ ತೀರಾ ಕಡಿಮೆ, ಬೆಂಕಿ ದೂರದಲ್ಲಿ ಆಗಿತ್ತು ಎಂದಾದರೆ ಹೀಗೆ ಮಾಡಿ:

- ಮೊದಲು ಎಸಿ, ಹೀಟರ್ ಆರಿಸಿ ಅದರ ಫಿಲ್ಟರ್ ಬದಲಿಸಿ. ಯಂತ್ರ ತಡೆದುಕೊಂಡರೆ “ಮರ್ವ್ 13” ಹಾಕಿ. ಮರ್ವ್ ಎನ್ನುವುದು ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಎಂಬುದರ ಅಂಕ. ಒಂದೆರಡು ವಾರದಲ್ಲೇ ಮತ್ತೆ ಬದಲಿಸಬೇಕಾಗಬಹುದು.
- ಮೇಲಿನಿಂದ ಕೆಳಕ್ಕೆ ಬನ್ನಿ. ಒದ್ದೆ ಬಟ್ಟೆ, ಸ್ವಲ್ಪ ಸೋಪು. ಬಟ್ಟೆ ಕಪ್ಪಾದ ಕೂಡಲೇ ಬದಲಿಸಿ, ಅದನ್ನೇ ಹಿಂಡಿ ಹಿಂಡಿ ಇಡೀ ಮನೆ ಒರೆಸಬೇಡಿ.
- ನೆಲಕ್ಕೆ, ಸೋಫಾಗೆ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಮಾತ್ರ. ಹೆಪಾ ಅತಿ ಸಣ್ಣ ಕಣವನ್ನೂ ಹಿಡಿದಿಡುತ್ತದೆ.
- ಕೊನೆಗೆ ಒದ್ದೆ ಮಾಪ್. ಕೊಳೆನೀರನ್ನು ಬೀದಿಯ ಚರಂಡಿಗೆ ಚೆಲ್ಲಬೇಡಿ, ಅದು ನೇರ ಸಮುದ್ರಕ್ಕೆ ಹೋಗುತ್ತದೆ.

ಒದ್ದೆಯಾದ ಬೂದಿ ಸುಣ್ಣದ ಹಾಗೆ ಚರ್ಮ ಸುಡುತ್ತದೆ, ಕೈಗವಸು ಬಿಚ್ಚಬೇಡಿ. ಬ್ಲೀಚ್ ಮತ್ತು ಅಮೋನಿಯ ಬೆರೆಸಬೇಡಿ. ವಾಸನೆ ಓಡಿಸಲು ಓಝೋನ್ ಯಂತ್ರ ತರುತ್ತೇವೆ ಎಂದು ಕೆಲವು ಕಂಪನಿಯವರು ಹೇಳುತ್ತಾರೆ. ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬೇಡ ಎನ್ನಿ. ಹೆಪಾ ಇರುವ ಏರ್ ಪ್ಯೂರಿಫೈಯರ್ ಒಳ್ಳೆಯದೇ, ಆದರೆ ಗೋಡೆ ಕಾರ್ಪೆಟ್ಟಿನಲ್ಲಿ ಕೂತ ಹೊಗೆಯನ್ನು ಅದು ಎಳೆದು ತೆಗೆಯುವುದಿಲ್ಲ. ಒರೆಸುವುದಕ್ಕೆ ಬದಲಿ ಇಲ್ಲ.

ಹಾಸಿಗೆ, ದಿಂಬು, ಮಕ್ಕಳ ಗೊಂಬೆ ಪೂರ್ತಿ ಸ್ವಚ್ಛ ಆಗುವುದು ಕಷ್ಟ. ರೇಷ್ಮೆ ಸೀರೆಗಳನ್ನು ಮನೆಯಲ್ಲಿ ನೆನೆಸಬೇಡಿ, ಕೊಡವಲೂ ಬೇಡಿ. ಹೊಗೆ ತಾಗಿದ ಬಟ್ಟೆ ಶುದ್ಧಿ ಮಾಡುವವರಿಗೇ ಕೊಡಿ.

9. ಮನೆ ಉಳಿದಿಲ್ಲದಿದ್ದರೆ

ಆ ಜಾಗಕ್ಕೆ ಒಮ್ಮೆ ಹೋಗಿ ನಿಲ್ಲಬೇಕು ಎನಿಸುವುದು ಸಹಜ. ಹೋಗಿ, ಆದರೆ ಕೆದಕಬೇಡಿ. ಸರ್ಕಾರದ ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಬ್ಯಾಟರಿ, ಬಣ್ಣ, ಗ್ಯಾಸ್ ಸಿಲಿಂಡರ್‌ನಂಥ ಅಪಾಯಕಾರಿ ವಸ್ತು ತೆಗೆಯುತ್ತಾರೆ. 2025ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೇಂದ್ರದ ಪರಿಸರ ಸಂಸ್ಥೆ ಇಪಿಎ ಇದನ್ನು 9,000ಕ್ಕೂ ಹೆಚ್ಚು ಜಾಗಗಳಲ್ಲಿ ಮಾಡಿತು. ಎರಡನೇ ಹಂತದಲ್ಲಿ ಅವಶೇಷ ಎತ್ತುತ್ತಾರೆ. ಅದಕ್ಕೆ ನೀವು “ರೈಟ್ ಆಫ್ ಎಂಟ್ರಿ” ಎಂಬ ಅರ್ಜಿಗೆ ಸಹಿ ಹಾಕಬೇಕು, ಅಂದರೆ ನನ್ನ ಜಾಗದೊಳಗೆ ಬರಬಹುದು ಎಂಬ ಒಪ್ಪಿಗೆ. ಕೊನೆ ದಿನಾಂಕ ಇರುತ್ತದೆ, ತಪ್ಪಿಸಿಕೊಳ್ಳಬೇಡಿ. ನೀವೇ ತೆಗೆಯಲು ಶುರು ಮಾಡಿದರೆ ಈ ಸೌಲಭ್ಯಕ್ಕೇ ಅಡ್ಡಿಯಾಗಬಹುದು.

ಎಲೆಕ್ಟ್ರಿಕ್ ಕಾರು, ಸೈಕಲ್, ಗೋಡೆ ಬ್ಯಾಟರಿ ಇದ್ದ ಜಾಗದಿಂದ ದೂರ ಇರಿ. ಸುಟ್ಟ ಲಿಥಿಯಂ ಬ್ಯಾಟರಿ ವಾರಗಳ ನಂತರವೂ ಹೊತ್ತಿಕೊಳ್ಳಬಹುದು.

ಚಿನ್ನ ಹುಡುಕುವ ಬಗ್ಗೆ ಎಲ್ಲರೂ ಕೇಳುತ್ತಾರೆ, ಸಂಕೋಚದಿಂದ. ಚಿನ್ನ ಕರಗಲು 1,064 ಡಿಗ್ರಿ ಸೆಲ್ಸಿಯಸ್ ಬೇಕು, ಹಾಗಾಗಿ ಸಿಗುವ ಸಾಧ್ಯತೆ ಇದ್ದೇ ಇದೆ. ಮೊದಲ ಹಂತ ಮುಗಿದ ಮೇಲೆ, ಅನುಮತಿ ಪಡೆದು, ಮಾಸ್ಕ್ ಹಾಕಿ, ಬೂದಿಗೆ ಸ್ವಲ್ಪ ನೀರು ಚಿಮುಕಿಸಿ ಜಾಲಿಸಬಹುದು. ಬೀರು ಎಲ್ಲಿತ್ತು ಎಂದು ನಕ್ಷೆ ಬರೆದು ಕೆಲಸದವರಿಗೂ ಕೊಡಿ.

10. ಪಾಸ್‌ಪೋರ್ಟ್, ವೀಸಾ, ಫೆಮಾ

ಫೆಮಾ ಎಂದರೆ ವಿಕೋಪ ಪರಿಹಾರದ ಕೇಂದ್ರ ಸಂಸ್ಥೆ. ಫೋನ್ 800-621-3362. ಅರ್ಜಿಗೆ ಸಾಮಾನ್ಯವಾಗಿ ಘೋಷಣೆಯಾದ ದಿನದಿಂದ 60 ದಿನ ಸಮಯ. ಅವರ ನಗದು ನೆರವು ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಸಿಗುತ್ತದೆ, ಎಚ್‌-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವವರಿಗೆ ನೇರವಾಗಿ ಇಲ್ಲ. ಆದರೆ ಮನೆಯಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಗು ಇದ್ದರೆ ಆ ಮಗುವಿನ ಪರವಾಗಿ ಅಪ್ಪ ಅಮ್ಮ ಅರ್ಜಿ ಹಾಕಬಹುದು. ಇದು ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ತಾತ್ಕಾಲಿಕ ಆಶ್ರಯ, ಊಟದಂಥ ನೆರವಿಗೆ ವೀಸಾ ಕೇಳುವುದಿಲ್ಲ. ತಪಾಸಣೆಗೆ ಬಂದವರು ದುಡ್ಡು ಕೇಳಿದರೆ ಅವರು ಫೆಮಾದವರಲ್ಲ.

ಅಮೆರಿಕದೊಳಗೆ ಬಂದದ್ದರ ದಾಖಲೆಯಾದ ಐ-94 ಅನ್ನು ಗಡಿ ಇಲಾಖೆಯ ವೆಬ್‌ಸೈಟಿನಿಂದ ಮತ್ತೆ ಇಳಿಸಿಕೊಳ್ಳಬಹುದು. ಅರ್ಜಿ ಮಂಜೂರಾತಿ ಪತ್ರವಾದ ಐ-797ರ ಪ್ರತಿ ಕಂಪನಿ ವಕೀಲರ ಹತ್ತಿರ ಇರುತ್ತದೆ. ಭಾರತದ ಪಾಸ್‌ಪೋರ್ಟ್ ಸುಟ್ಟಿದ್ದರೆ ಪೊಲೀಸ್ ವರದಿ ಮಾಡಿಸಿ ಕಾನ್ಸುಲೇಟ್ ಮೂಲಕ ಹೊಸದಕ್ಕೆ ಅರ್ಜಿ ಹಾಕಿ. ಮನೆ ಬದಲಿಸಿದರೆ ಪೌರರಲ್ಲದವರು 10 ದಿನದೊಳಗೆ ಎಆರ್-11 ನಮೂನೆಯಲ್ಲಿ ಹೊಸ ವಿಳಾಸ ತಿಳಿಸಬೇಕು. ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ. ಬೇರೆ ಊರಿನಿಂದ ಕೆಲಸ ಮಾಡಬೇಕಾಗಿ ಬಂದರೆ ಎಚ್‌-1ಬಿಯವರು ಮೊದಲು ಕಂಪನಿ ವಕೀಲರನ್ನು ಕೇಳಿ.

11. ಮೊದಲ ಮಳೆಗೆ ಮೊದಲು

ಮನೆ ಒರೆಸಿ, ನೀರು ಸರಿಯಾಗಿ, ಎಲ್ಲ ಮುಗಿಯಿತು ಎನ್ನುವಾಗ ಗುಡ್ಡದ ಬುಡದಲ್ಲಿರುವವರಿಗೆ ಇನ್ನೊಂದು ಅಪಾಯ ಇರುತ್ತದೆ. ಸುಟ್ಟ ಗುಡ್ಡದಲ್ಲಿ ಹಿಡಿದಿಡಲು ಬೇರಿಲ್ಲ, ಮಣ್ಣಿನ ಮೇಲ್ಪದರ ಮೇಣ ಸವರಿದಂತಾಗಿ ನೀರು ಕುಡಿಯುವುದಿಲ್ಲ. ಜೋರು ಮಳೆ ಬಂದರೆ ಕೆಸರು, ಬಂಡೆ, ಮರ ಒಟ್ಟಿಗೆ ಇಳಿಯುತ್ತವೆ. ಇದಕ್ಕೆ “ಡೆಬ್ರಿ ಫ್ಲೋ” ಎನ್ನುತ್ತಾರೆ. 2017ರ ಡಿಸೆಂಬರಿನಲ್ಲಿ ಥಾಮಸ್ ಬೆಂಕಿ ಸುಟ್ಟ ಗುಡ್ಡದಿಂದ 2018ರ ಜನವರಿ 9ರ ನಸುಕಿನಲ್ಲಿ ಮಾಂಟೆಸಿಟೊ ಊರಿನ ಮೇಲೆ ಹೀಗೆ ಇಳಿದು 23 ಜನ ಹೋದರು. ಆವತ್ತು ಐದೇ ನಿಮಿಷದಲ್ಲಿ ಸುಮಾರು ಅರ್ಧ ಇಂಚು ಮಳೆ ಸುರಿದಿತ್ತು. ದಿನವಿಡೀ ಸುರಿಯುವ ಮಲೆನಾಡ ಮಳೆ ನೋಡಿದವರಿಗೆ ಇಲ್ಲಿನ ಮಳೆ ಲೆಕ್ಕಕ್ಕಿಲ್ಲ ಎನಿಸಬಹುದು. ಸುಟ್ಟ ಗುಡ್ಡದ ಕೆಳಗೆ ಆ ಧೈರ್ಯ ನಡೆಯುವುದಿಲ್ಲ.

ಬೆಂಕಿಯ ನಂತರದ ಎರಡು ಚಳಿಗಾಲ ಹೆಚ್ಚು ಅಪಾಯದವು. ನಿಮ್ಮ ಮೇಲಿನ ಗುಡ್ಡ ಎಷ್ಟು ಅಪಾಯದಲ್ಲಿದೆ ಎಂಬ ನಕ್ಷೆಯನ್ನು ಯುಎಸ್‌ಜಿಎಸ್, ಅಂದರೆ ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆ, ಪ್ರಕಟಿಸುತ್ತದೆ. ಮರಳು ಚೀಲ ಬಹಳ ಕಡೆ ಅಗ್ನಿಶಾಮಕ ಠಾಣೆಯಲ್ಲಿ ಉಚಿತವಾಗಿ ಸಿಗುತ್ತವೆ. ಪ್ರವಾಹದ ವಿಮೆ ಮನೆ ವಿಮೆಯಲ್ಲಿ ಸೇರಿರುವುದಿಲ್ಲ, ಬೇರೆ ಮಾಡಿಸಬೇಕು. ಸರ್ಕಾರದ ಯೋಜನೆಯಲ್ಲಿ ಮಾಡಿಸಿದರೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು, ಆದ್ದರಿಂದ ಅಕ್ಟೋಬರಿನೊಳಗೆ ಮಾಡಿಸಿ.

ರಾತ್ರಿ ಮಳೆಯ ಮುನ್ನೆಚ್ಚರಿಕೆ ಬಂದರೆ ಫೋನ್ ಸೈಲೆಂಟ್ ಮಾಡಿ ಮಲಗಬೇಡಿ. ಕಾರನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿ, ಕತ್ತಲಾಗುವ ಮೊದಲೇ ಸ್ನೇಹಿತರ ಮನೆಗೆ ಹೋಗಿಬಿಡಿ.